ಕಥೆಗೆ ಎಕ್ಸ್‌ಚೇಂಜ್ ಇಲ್ಲ

ನಮ್ಮ ಬೇಗಂ ಬಜಾರಿನಲ್ಲಿ ಕೊಂಡ ಪಾತ್ರೆ ಸೋರಿದರೆ ಜಗಳವಾಡಿ ಬದಲಿಸಿಕೊಳ್ಳಬಹುದು. ಕಥೆ ಕೈಕೊಟ್ಟರೆ?

2019ರ ಮೇ ತಿಂಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಡೆನೇರಿಸ್ ಶರಣಾದ ನಗರವನ್ನೇ ಸುಟ್ಟಳು. ಕೊನೆಯ ಸೀಸನ್ನನ್ನು ಮತ್ತೆ ಮಾಡಿಕೊಡಿ ಎಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನನ್ನ ಟೀಮಿನವರದ್ದೂ ಇದ್ದವು.

ಸಿಟ್ಟು ನ್ಯಾಯವೇ. ಮೊದಲ ಆರು ಸೀಸನ್‌ಗಳಿಗೆ ತಲಾ 10 ಕಂತು, ಕೊನೆಯದಕ್ಕೆ ಬರೀ 6. ಅವಸರದ ಡೆಲಿವರಿ ಹೇಗಿರುತ್ತದೆಂದು ಪ್ರಾಜೆಕ್ಟ್ ಮ್ಯಾನೇಜರನಾದ ನನಗೆ ಗೊತ್ತು. ಬೈಯಿರಿ, ತಪ್ಪು ಎತ್ತಿ ತೋರಿಸಿ. ಆದರೆ ‘ಬದಲಿಸಿಕೊಡಿ’ ಎನ್ನುವುದು ಗಿರಾಕಿಯ ಮಾತು, ರಸಿಕನದ್ದಲ್ಲ.

ಇದೇ ತೆಲಂಗಾಣದ ವೇಮುಲವಾಡದ ಅರಿಕೇಸರಿಯ ಕವಿ ಪಂಪ, ದ್ರೌಪದಿಗೆ ಐವರು ಗಂಡಂದಿರೆಂಬುದನ್ನು ಬಿಟ್ಟು ಅರ್ಜುನನೊಬ್ಬನನ್ನೇ ಉಳಿಸಿದ. ಅವನು ವ್ಯಾಸರಿಗೆ ಅರ್ಜಿ ಹಾಕಲಿಲ್ಲ. ತನ್ನದೇ ಭಾರತ ಬರೆದ. ಸಹಿ ಹಾಕಿದವರೇ, ಪೆನ್ನು ನಿಮ್ಮ ಕೈಯಲ್ಲೇ ಇದೆಯಲ್ಲ?