ಶ್ರುತಿಗೂಡಿಸುವ ಯಂತ್ರ

ವಾದ್ಯವನ್ನು ಶ್ರುತಿಗೂಡಿಸುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದೇ? ಅಮೆರಿಕದ ಗಿಬ್ಸನ್ ಕಂಪೆನಿಯವರು ಜರ್ಮನಿಯ ಟ್ರಾನಿಕಲ್ ಸಂಸ್ಥೆಯ ಕೌಶಲದಿಂದ 2007ರಲ್ಲಿ ‘ರೋಬಾಟ್ ಗಿಟಾರ್’ ಎಂಬುದನ್ನು ಹೊರತಂದು, ಒಪ್ಪಿಸಬಹುದೆಂದು ತೋರಿಸಿದರು. ಆರು ತಂತಿಗಳಲ್ಲಿ ಒಂದೊಂದರ ಕಂಪನವನ್ನೂ ಅದು ಬೇರೆಯಾಗಿ ಗ್ರಹಿಸುತ್ತಿತ್ತು. ಒಳಗಿನ ಪುಟ್ಟ ಗಣಕವು ಅದನ್ನು ನಿಯತ ಸ್ವರದೊಡನೆ ಹೋಲಿಸಲು, ಬಿರಡೆಗಳ ಮೋಟಾರುಗಳು ತಂತಿಯನ್ನು ಬಿಗಿದೋ ಸಡಿಲಿಸಿಯೋ ಸರಿಪಡಿಸುತ್ತಿದ್ದವು. ಲೈನ್ 6 ಕಂಪೆನಿಯ ‘ವೇರಿಯಾಕ್ಸ್’ ಮತ್ತೊಂದು ಸೋಜಿಗ. ತಂತಿಯ ನಾದವನ್ನು ಅಂಕಿಗಳಾಗಿ ಮಾರ್ಪಡಿಸಿ, ಒಂದೇ ಗಿಟಾರು ಹನ್ನೆರಡು ತಂತಿಯ ಗಿಟಾರಿನಂತೆಯೂ ಬ್ಯಾಂಜೋವಿನಂತೆಯೂ ನುಡಿಯುವ ಹಾಗೆ ಅದು ಮಾಡಿತು.

2015ರಲ್ಲಿ ಗಿಬ್ಸನ್ ಕಂಪೆನಿಯವರು ತಮ್ಮ ಬಹುತೇಕ ಮಾದರಿಗಳಿಗೆ ಸ್ವಯಂಶ್ರುತಿಯ ಯಂತ್ರವನ್ನು ಕಡ್ಡಾಯವಾಗಿ ಅಳವಡಿಸಿದಾಗ ಅನೇಕ ವಾದಕರು ಮುನಿದರು. ಮರುವರ್ಷವೇ ಸಾಮಾನ್ಯ ಬಿರಡೆಯ ಮಾದರಿಗಳು ಮರಳಿ ಬಂದವು.

ಇದರಿಂದ ಹೊಸತನ್ನು ಹಳಿಯಬೇಕೆಂದು ನಾವು ಹೇಳೆವು. ಹಾಡಿಗೊಂದು ಶ್ರುತಿಯನ್ನು ಬದಲಿಸಬೇಕಾದ ವಾದಕನಿಗೆ ಇಂತಹ ಯಂತ್ರವು ಉಪಕಾರಿಯೇ ಸರಿ. ಕಲಿಯುವ ಮಗುವಿನ ಮಾತು ಬೇರೆ. ಬಿರಡೆಯನ್ನು ಮೆಲ್ಲನೆ ತಿರುಗಿಸುತ್ತ, ಎರಡು ತಂತಿಗಳ ನಾದದ ತೂಗಾಟವು ನಿಂತು ಒಂದಾಗುವ ಕ್ಷಣವನ್ನು ಅರಸುವುದೇ ಕಿವಿಗೆ ಮೊದಲನೆಯ ಪಾಠ. ಆ ಪಾಠವನ್ನು ಯಂತ್ರವು ಮಗುವಿನ ಪರವಾಗಿ ಕಲಿಯಲಾರದು. ಆದುದರಿಂದ ಗಿಟಾರನ್ನು ಕೊಡಿಸಬಯಸುವ ತಾಯ್ತಂದೆಗಳು ಮೊದಲಿಗೆ ಸಾಮಾನ್ಯ ಬಿರಡೆಯ ವಾದ್ಯವನ್ನೇ ಮಗುವಿನ ಕೈಗೆ ಕೊಡುವುದು ಲೇಸೆಂದು ನಮ್ಮ ಎಣಿಕೆ.