ಒಕ್ಕಣೆಯಿಲ್ಲದ ಓಲೆ

ಪತ್ರದ ಒಕ್ಕಣೆಯು ಬರಿಯ ಅಲಂಕಾರವೆಂದೂ, ಕೆಲಸದ ಹೊತ್ತಿನಲ್ಲಿ ಅದನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲವೆಂದೂ ಬಗೆಯುವ ಒಂದು ಹೊಸ ಪಂಥವು ದೊಡ್ಡ ಊರುಗಳ ಕಚೇರಿಗಳಲ್ಲಿ ಬಲಿತಿದೆ. ಈ ಪಂಥದವರು ತಮ್ಮ ಗಿರಾಕಿಗೆ ಬರೆಯುವಾಗ ಹೆಸರು, ಗೌರವ, ಕುಶಲಪ್ರಶ್ನೆ, ಹಬ್ಬದ ಹಾರೈಕೆ ಯಾವದನ್ನೂ ಮರೆಯುವದಿಲ್ಲ. ಅದೇ ಗಳಿಗೆಯಲ್ಲಿ ಅದೇ ಕೈಯು, ತಿಕೋಟಾದ ಮನೆಯೊಂದರಲ್ಲಿ ಕುಳಿತು ಅವರ ಜಾಹೀರಾತನ್ನು ಕನ್ನಡಕ್ಕೆ ತಿರುಗಿಸಿಕೊಡುವ ಹೆಣ್ಣುಮಗಳಿಗೆ ಈಮೇಲು ಬರೆಯುವಾಗ ಮಾತ್ರ ಅವಸರದ ನೆಪ ಹೇಳುತ್ತದೆ. "ಹಾಯ್ ಟೀಮ್, ಫೈಲು ಲಗತ್ತಿಸಿದೆ, ಸಂಜೆಯೊಳಗೆ ಬೇಕು" — ಇಷ್ಟೇ ಪತ್ರ. ಆ ಮನೆಯಲ್ಲಿ ಟೀಮೆಂಬುದೊಂದು ಇಲ್ಲ. ಇರುವವಳು ಒಬ್ಬಳು, ಆಕೆಗೆ ಒಂದು ಹೆಸರುಂಟು, ಆ ಹೆಸರು ಕಚೇರಿಯವರ ಬಳಿಯಲ್ಲಿ ಬಿಲ್ಲಿನ ಮೇಲೆಯೂ ಬ್ಯಾಂಕಿನ ಖಾತೆಯ ಸಂಗಡವೂ ಬರೆದಿಟ್ಟಿದೆ.

ವಿಜಯಪುರ ನಗರದಲ್ಲಿಯೂ ಸುತ್ತಣ ಊರುಗಳಲ್ಲಿಯೂ ಪಗಾರವಿಲ್ಲದೆ, ಕೆಲಸಕ್ಕೆ ಇಷ್ಟೆಂದು ದುಡಿಯುವ ವಿದ್ಯಾವಂತರು ಈಗ ಅಪರೂಪವಲ್ಲ. ಅನುವಾದ ಮಾಡುವವರು, ಕರಡು ತಿದ್ದುವವರು, ಪುಸ್ತಕದ ಪುಟ ಕಟ್ಟುವವರು, ಚಿತ್ರ ಬರೆಯುವವರು, ಲಗ್ನದ ವಿಡಿಯೋ ಜೋಡಿಸುವವರು — ಇವರನ್ನೆಲ್ಲ ಇಂಗ್ಲಿಷರ ಮಾತಿನಲ್ಲಿ ಫ್ರೀಲಾನ್ಸರರೆಂದು ಕರೆಯುವದುಂಟು. 1819ರ ಕೊನೆಯಲ್ಲಿ ಹೊರಬಿದ್ದ ವಾಲ್ಟರ್ ಸ್ಕಾಟನ 'ಐವನ್‌ಹೋ' ಕಾದಂಬರಿಯಿಂದ ಪ್ರಚಾರಕ್ಕೆ ಬಂದ ಈ ಶಬ್ದಕ್ಕೆ, ಯಾವ ಒಡೆಯನಿಗೂ ಕಟ್ಟುಬೀಳದೆ ತನ್ನ ಭರ್ಜಿಯನ್ನು ಬೇಕಾದವರಿಗೆ ಒದಗಿಸುವ ಸವಾರನೆಂದು ಮೂಲಾರ್ಥ. ಆದಿಲಶಾಹಿಯ ರಾಜಧಾನಿಯಾಗಿದ್ದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ. ದಖ್ಖನದ ದಂಡುಗಳಲ್ಲಿ ಬಾರಗೀರ, ಶಿಲೇದಾರ ಎಂದು ಎರಡು ಬಗೆಯ ಸವಾರರಿದ್ದರು. ಬಾರಗೀರನು ಏರುವ ಕುದುರೆ ಸರಕಾರದ್ದು. ಶಿಲೇದಾರನು ಕುದುರೆಯನ್ನೂ ಆಯುಧವನ್ನೂ ತಾನೇ ತರುವನು. ಕುದುರೆ ಬಿದ್ದರೆ ನಷ್ಟವೂ ಅವನದೇ. ಅದರಿಂದಲೇ ಅವನ ಮಾನವು ಬಾರಗೀರನ ಮಾನಕ್ಕಿಂತ ಒಂದು ಕೈ ಮೇಲಿತ್ತು. ಇಂದಿನ ಬಿಡಿಗೆಲಸದವನೂ ಶಿಲೇದಾರನೇ ಸರಿ. ಕಂಪ್ಯೂಟರು ಅವನದು, ಕರೆಂಟಿನ ಬಿಲ್ಲು ಅವನದು, ಕರೆಂಟು ಹೋದಾಗ ಹಚ್ಚುವ ಇನ್ವರ್ಟರು ಅವನದು, ಜಡ್ಡು ಬಿದ್ದ ದಿನದ ಗಳಿಕೆ ಹೋದರೆ ಅದೂ ಅವನದೇ. ಶಿಲೇದಾರನ ಖರ್ಚನ್ನೆಲ್ಲ ಅವನ ತಲೆಯ ಮೇಲೆ ಹೊರಿಸಿ, ಬಾರಗೀರನಿಗೆ ಸಲ್ಲುವಷ್ಟು ಮರ್ಯಾದೆಯನ್ನೂ ಕೊಡದಿರುವದು ಯಾವ ನ್ಯಾಯ?

ಅವಸರದ ಮಾತನ್ನು ಪರೀಕ್ಷಿಸಿ ನೋಡಬಹುದು. 1879ರಲ್ಲಿ ಹಿಂದುಸ್ಥಾನದಲ್ಲಿ ಕಾಲಾಣೆಯ ಅಂಚೆಕಾರ್ಡು ಬಳಕೆಗೆ ಬಂದಿತು. ಅಂಗೈಯಗಲದ ಆ ಕಾರ್ಡಿನಲ್ಲಿ ಮಳೆಯ ಸುದ್ದಿ, ಸಾಲದ ಸುದ್ದಿ, ಕನ್ಯೆಯ ಸುದ್ದಿ ಎಲ್ಲವೂ ಹಿಡಿಸಬೇಕು. ಆದಾಗ್ಯೂ ಮುಂಬಯಿ ಇಲಾಖೆಗೆ ಸೇರಿದ್ದ ಈ ಜಿಲ್ಲೆಯ ಹಿರಿಯರು ನಮಸ್ಕಾರಕ್ಕೆ ಸ್ಥಳವಿಲ್ಲವೆಂದು ಅನ್ನಲಿಲ್ಲ. ಮರಾಠಿ ದಫ್ತರಗಳ ರೂಢಿಯಿಂದ ಬಂದ "ಸಾ. ನ. ವಿ. ವಿ." ಎಂಬ ನಾಲ್ಕು ಅಕ್ಷರಗಳಲ್ಲಿ ಸಾಷ್ಟಾಂಗ ನಮಸ್ಕಾರ, ವಿನಂತಿ, ವಿಶೇಷ ಎಲ್ಲವನ್ನೂ ಮುಗಿಸಿ ಮುಂದಿನ ಮಾತಿಗೆ ನಡೆದರು. ಹೆಸರಿನ ಹಿಂದೆ "ರಾ. ರಾ." ಬರೆಯಲು ಎಷ್ಟು ಮಸಿ ಬೇಕು! ಈಮೇಲಿಗಾದರೋ ಕಾಗದದ ಮಿತಿಯೂ ಇಲ್ಲ, ತೂಕದ ಲೆಕ್ಕವೂ ಇಲ್ಲ. ನಮಸ್ಕಾರಕ್ಕೆ ಪುರುಸೊತ್ತಿಲ್ಲದ ಅದೇ ಪತ್ರದ ಬುಡದಲ್ಲಿ, ಇದು ಗೋಪ್ಯವಾದುದು, ಅನ್ಯರು ಓದಿದರೆ ಕಾಯಿದೆಯ ಕ್ರಮ ನಡೆಯುವದು ಎಂಬ ಹತ್ತು ಸಾಲಿನ ಎಚ್ಚರಿಕೆಯು ತಪ್ಪದೆ ಇರುತ್ತದೆ. ಬೆದರಿಕೆಗೆ ಹತ್ತು ಸಾಲು ಸಿಕ್ಕಿದ ಮೇಲೆ ಹೆಸರಿಗೆ ಅರ್ಧ ಸಾಲು ಸಿಕ್ಕಲಿಲ್ಲವೆಂದರೆ ಯಾರು ನಂಬುವರು?

ಹೆಸರನ್ನು ಯಂತ್ರದ ಕೈಗೆ ಒಪ್ಪಿಸಿದವರ ಅವಾಂತರವಂತೂ ಬೇರೆಯೇ. ಒಂದೇ ಪತ್ರವನ್ನು ನೂರು ಜನಕ್ಕೆ ಕಳಿಸುವ ಯಂತ್ರವು ಎಡವಿದ ದಿನ "ಡಿಯರ್ ಫಸ್ಟ್ ನೇಮ್" ಎಂದೇ ಬಂದುಬಿಡುತ್ತದೆ. ಎಡವದ ದಿನವೂ ಈ ಸೀಮೆಯವರ ಪಾಡು ಅಷ್ಟಕ್ಕಷ್ಟೆ. ಇಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಕೂಡಿ ಒಂದು ಹೆಸರು. ಕೆಲವರು ದಾಖಲೆಗಳಲ್ಲಿ ಅಡ್ಡಹೆಸರನ್ನೇ ಮೊದಲು ಬರೆಯುತ್ತಾರೆ. ಯಂತ್ರವು ಮೊದಲನೆಯದನ್ನು ಎತ್ತಿಕೊಂಡು "ಹಾಯ್ ಬಿರಾದಾರ" ಎನ್ನುತ್ತದೆ. ಓಣಿಗೆ ಹತ್ತು ಮನೆ ಬಿರಾದಾರರಿರುವ ಊರಿನಲ್ಲಿ ಇದು ಯಾರನ್ನು ಕರೆದಂತಾಯಿತು? ಅನುವಾದಕಿಗೆ "ಡಿಯರ್ ಸರ್" ಎಂದು ಬರುವ ಪತ್ರಗಳ ಮಾತನ್ನು ಇಲ್ಲಿ ಎತ್ತುವದೇ ಬೇಡ.

ಹಳೆಯ ಒಕ್ಕಣೆಗಳೆಲ್ಲ ಮರಳಿ ಬರಲೆಂದು ಇಲ್ಲಿ ವಾದವಿಲ್ಲ. ಅವುಗಳಲ್ಲಿ ಮೇಲುಕೀಳಿನ ಸೋಪಾನವಿತ್ತು, ಜಾತಿಯ ಗುರುತಿತ್ತು, ವಿಧವೆಯ ಹೆಸರಿನ ಹಿಂದೆ "ಗಂ. ಭಾ." ಎಂದು ಬರೆದು ಆಕೆಯ ದುಃಖವನ್ನು ಅಂಚೆಯವನಿಗೂ ತಿಳಿಸುವ ಕ್ರೌರ್ಯವಿತ್ತು. ಅವು ಹೋದದ್ದು ಒಳ್ಳೆಯದೇ ಆಯಿತು. ಆದರೆ ಒಕ್ಕಣೆಯನ್ನು ಕಿತ್ತೊಗೆದು ಸಮಾನತೆಯನ್ನು ತಂದೆವೆನ್ನುವವರು ಒಂದನ್ನು ಮರೆತಿದ್ದಾರೆ. ಆ ಕಾಲದಲ್ಲಿಯೂ ನಮಸ್ಕಾರವಿಲ್ಲದ ಒಂದು ಬರಹವಿತ್ತು. ಅದಕ್ಕೆ ಹುಕುಮು ಎಂದು ಹೆಸರು. ಪತ್ರವನ್ನು ಓದಿದವನು ಒಪ್ಪಬಹುದು, ಒಲ್ಲೆನೆನ್ನಬಹುದು. ಹುಕುಮನ್ನು ಓದಿದವನಿಗೆ ನಡೆಸುವದೊಂದೇ ದಾರಿ. ಬಿಡಿಗೆಲಸದವನು ನೌಕರನಲ್ಲ. ಒಲ್ಲೆನೆನ್ನುವ ಸ್ವಾತಂತ್ರ್ಯಕ್ಕಾಗಿಯೇ ಅವನು ಪಗಾರವನ್ನೂ ಪೆನ್ಶನ್ನನ್ನೂ ಬಿಟ್ಟಿದ್ದಾನೆ. ಹೆಸರು ಹಿಡಿದು ಕೇಳಿದರೆ "ಈ ದರಕ್ಕೆ ಆಗುವದಿಲ್ಲ, ಎರಡು ದಿನ ಬೇಕು" ಎಂದು ಹೇಳಲು ಬಾಯಿ ಬರುತ್ತದೆ. "ಹಾಯ್ ಟೀಮ್" ಎಂಬ ಹುಕುಮಿಗೆ ಉತ್ತರ ಕೊಡಬೇಕಾದವರು ಯಾರು? ದರದ ಮಾತು ಹುಟ್ಟುವ ಮೊದಲೇ ಅದನ್ನು ಅಡಗಿಸುವ ಉಪಾಯವಿದು. ಇದಕ್ಕೆ ಅವಸರದ ವೇಷ ಹಾಕಿದೆ, ಅಷ್ಟೆ.

ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯ ತೋಟದವರು ಇದನ್ನು ಕಚೇರಿಯವರಿಗಿಂತ ಚೆನ್ನಾಗಿ ಬಲ್ಲರು. ಬಳ್ಳಿಗೆ ವರ್ಷಕ್ಕೆ ಎರಡು ಸಲ, ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಒಮ್ಮೆ, ಚಾಟ್ನಿ ಆಗಬೇಕು. ಹದ ತಪ್ಪಿದರೆ ಫಲ ತಪ್ಪಿತು. ಆ ದಿನಗಳಲ್ಲಿ ಸವರುವ ಕೈಗಳಿಗೆ ಎಲ್ಲ ತೋಟಗಳಿಂದಲೂ ಕರೆ. ಎಕರೆಗಟ್ಟಲೆ ತೋಟದ ಒಡೆಯನೂ ಟೋಳಿಯ ಮುಕಾದಮನ ಮನೆಯ ಮುಂದೆ ನಿಂತು "ಆರಾಮ ಅದೀರೇನ್ರಿ?" ಎಂದು ಕೇಳಿಯೇ ಕೆಲಸದ ಮಾತಿಗೆ ಬರುವನು. ಒಂದು "ರೀ" ಅಕ್ಷರದಲ್ಲಿ ಈ ನಾಡು ಮರ್ಯಾದೆಯನ್ನೆಲ್ಲ ಅಡಕಮಾಡಿ ಇಟ್ಟಿದೆ. ಅದಕ್ಕಿಂತ ಸೋವಿಯಾದ ಒಕ್ಕಣೆಯು ಬೇರೆ ಯಾವ ಭಾಷೆಯಲ್ಲಿ ಸಿಕ್ಕೀತು! ಬಾಗೇವಾಡಿಯ ಬಸವಣ್ಣನವರು, ಬಂದವನನ್ನು ಮಾತನಾಡಿಸದ ಸಿರಿವಂತನನ್ನು 12ನೆಯ ಶತಮಾನದಲ್ಲಿಯೇ ಒಂದು ವಚನದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ವಚನಗಳ ತಾಳೆಯೋಲೆಗಳನ್ನು ಹುಡುಕಿ ಕೂಡಿಸಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ಈ ವಿಜಯಪುರದಲ್ಲಿಯೇ ವಕೀಲಿ ಮಾಡಿದವರು. ಕನ್ನಡದ ಕೆಲಸವನ್ನು ಇಲ್ಲಿಂದ ಮಾಡಿಸಿಕೊಳ್ಳುವ ಕಚೇರಿಗಳಿಗೆ "ನಮಸ್ಕಾರ" ಎಂಬ ಒಂದು ಶಬ್ದವನ್ನು ಕನ್ನಡದಲ್ಲಿ ಬರೆಯಲು ಅನುವಾದಕರ ನೆರವು ಬೇಕಾಗಲಾರದು.

ತಪ್ಪೆಲ್ಲ ಒಂದೇ ಕಡೆಗಿಲ್ಲವೆಂಬುದನ್ನೂ ಹೇಳಬೇಕು. ಬರಬೇಕಾದ ತಮ್ಮದೇ ಹಣವನ್ನು ಕೇಳುವಾಗ "ರೆಸ್ಪೆಕ್ಟೆಡ್ ಸರ್" ಎಂದು ಮೂರು ಸಲ ಬಾಗಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯನ್ನೂ ಬೇಡುವ ತರುಣರಿದ್ದಾರೆ. ಇದು ಒಕ್ಕಣೆಯಲ್ಲ, ಜೀತದ ಕರಾರು. ಇನ್ನು, ಸೊಗಸಾದ ಒಕ್ಕಣೆ ಬರೆದು ಬಿಲ್ಲನ್ನು ಆರು ತಿಂಗಳು ಮಲಗಿಸುವವರೂ ಇಲ್ಲದಿಲ್ಲ. ನೋಂದಣಿ ಮಾಡಿಸಿಕೊಂಡ ಅತಿಸಣ್ಣ, ಸಣ್ಣ ಉದ್ದಿಮೆಗಳಿಗೆ ಕರಾರು ಏನೇ ಇರಲಿ 45 ದಿನ ಮೀರದಂತೆ ಹಣ ಸಲ್ಲಬೇಕೆಂದು 2006ರ ಕಾಯಿದೆಯು ಹೇಳುತ್ತದೆ. ಬಿಡಿಗೆಲಸದವರು ಅದನ್ನು ಓದಿಟ್ಟುಕೊಳ್ಳುವದು ಒಳ್ಳೆಯದು. ಹಣಕ್ಕೆ ಬದಲಾಗಿ ನಮಸ್ಕಾರವನ್ನು ಯಾರೂ ಕೇಳುತ್ತಿಲ್ಲ.

ದಿನಕ್ಕೆ ಹತ್ತು ಸಲ ಪತ್ರ ಓಡಾಡುವಲ್ಲಿ ಹತ್ತು ಸಲವೂ ಒಕ್ಕಣೆ ಬೇಕೆಂದರೆ ಅದು ಹಟವಾದೀತು, ಮೊದಲನೆಯದರಲ್ಲಿದ್ದರೆ ಸಾಕು. ಅದೂ ಇಲ್ಲದೆ ಬಂದ ಓಲೆಗೆ ಬಬಲೇಶ್ವರದ ಹುಡುಗನು ಸಿಟ್ಟಿನಿಂದ ಬರೆಯಬೇಕಾದ ಕಾರಣವಿಲ್ಲ. ಬರೆದವನ ಹೆಸರು ಕೆಳಗಿರುತ್ತದೆ. ಅದನ್ನು ಎತ್ತಿಕೊಂಡು "ಶ್ರೀ ಇಂಥವರಿಗೆ ನಮಸ್ಕಾರ" ಎಂದು ತೊಡಗಿ, ತನ್ನ ದರವನ್ನೂ ದಿನವನ್ನೂ ತಿಳಿಸಿ, ಅಡಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬಿಡದೆ ಬರೆಯಲಿ.