ಹಿತ್ತಿಲಿನ ಸಿಮೆಂಟು

ಮುಂಬಾಗಿಲಿಗೆ ನಾವು ವರ್ಷಕ್ಕೊಮ್ಮೆ ಬಣ್ಣ ಬಳಿಸುತ್ತೇವೆ. ಬಂದವರ ಕಣ್ಣು ಮೊದಲು ಬೀಳುವುದು ಅಲ್ಲಿಯೇ ಅಷ್ಟೆ. ಹಿತ್ತಿಲಿನ ಹಣೆಬರಹ ಬೇರೆ. ಕಾಲು ಮುರಿದ ಕುರ್ಚಿ, ತಳ ಹೋದ ಬಕೆಟ್ಟು, ಎಂದಾದರೂ ಉಪಯೋಗಕ್ಕೆ ಬಂದೀತೆಂದು ಕೂಡಿಟ್ಟ ಹಳೆಯ ಪೈಪು, ಇವಕ್ಕೆಲ್ಲ ಅದೇ ಕಡೆಯ ಬಿಡಾರ. ವಾಚಕರು ತಮ್ಮ ಮನೆಯನ್ನು ನೆನೆದುಕೊಂಡು ಇಲ್ಲಿ ನಸುನಕ್ಕರೆ ನನಗೆ ಸಮಾಧಾನ. ಏಕೆಂದರೆ, ಮುಂದೆ ಹೇಳಲಿರುವ ಅವಿವೇಕ ನನ್ನೊಬ್ಬನದೇ.

ನಮ್ಮದು ಬಸವನಗುಡಿಯ ಹಳೆಯ ಮನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಬೆಳೆದ ಬಡಾವಣೆ. ಗಾಳಿ ಬೆಳಕಿಗೆಂದು ಮನೆಯ ಹಿಂದೆಯೂ ಒಂದಿಷ್ಟು ನೆಲ ಬಿಟ್ಟಿದ್ದರು. ಅಮ್ಮನಿಗೆ ಕೆಸರು ತುಳಿಯುವ ಕಷ್ಟ ಬೇಡವೆಂದು ಹತ್ತು ವರ್ಷಗಳ ಹಿಂದೆ ಆ ನೆಲಕ್ಕೆ ಗೋಡೆಯಿಂದ ಗೋಡೆಗೆ ಸಿಮೆಂಟು ಹಾಕಿಸಿದೆ. ತುಳಸಿಕಟ್ಟೆಯೂ ಒಂದು ಕರಿಬೇವಿನ ಗಿಡವೂ ಮಾತ್ರ ಉಳಿದವು. ಎರಡು ವರ್ಷ ಎಲ್ಲವೂ ಕನ್ನಡಿಯಂತಿತ್ತು. ಆ ಬಳಿಕ ಬಿಸಿಲು ಬೀಳದ ಮೂಲೆಯಿಂದ ಪಾಚಿ ಹರಡಿಕೊಂಡಿತು. ಆಷಾಢದ ಒಂದು ಬೆಳಿಗ್ಗೆ ತುಳಸಿಗೆ ನೀರೆರೆಯಲು ಹೋದ ಅಮ್ಮ ಜಾರಿಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೂ ಅವರು ಹಿತ್ತಿಲಿಗೆ ಇಳಿಯಲಿಲ್ಲ. ಹಿಂಬಾಗಿಲಿನ ಹೊಸಿಲ ಬಳಿ ಕುರ್ಚಿ ಹಾಕಿಕೊಂಡು, ತಾವು ನೆಟ್ಟ ಕರಿಬೇವನ್ನು ದೂರದಿಂದ ನೋಡುತ್ತಿದ್ದರು.

“ಸಿಮೆಂಟು ಹಾಕಿಸಿದ್ದು ನಿನಗಾಗಿಯೇ ಅಲ್ಲವೇನಮ್ಮ?” ಎಂದೆ ಒಮ್ಮೆ.

“ಹೌದಪ್ಪ, ಬಿದ್ದವಳೂ ನಾನೇ” ಎಂದರು.

ಇದಕ್ಕೆ ಉತ್ತರವಿರಲಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ತಟ್ಟಿ, ನಮ್ಮ ಬೀದಿಯೂ ಟ್ಯಾಂಕರಿನ ದಾರಿ ಕಾಯತೊಡಗಿದಾಗ ಇನ್ನೊಂದು ಲೆಕ್ಕ ತಲೆಗೆ ಹೊಳೆಯಿತು. ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುತ್ತದೆ. 100 ಚದರ ಮೀಟರು ತಾರಸಿಯ ಮೇಲೆ 900 ಮಿಲಿಮೀಟರು ಸುರಿದರೆ 90,000 ಲೀಟರು. ಎಂದರೆ 6,000 ಲೀಟರಿನ ಹದಿನೈದು ಟ್ಯಾಂಕರು! ಅದನ್ನೆಲ್ಲ ನಾನು ಸಿಮೆಂಟಿನ ಮೇಲೆ ಹರಿಸಿ ಬೀದಿಯ ಚರಂಡಿಗೆ ದಾನ ಮಾಡಿದ್ದೆ. ಚರಂಡಿಗೆ ಹೋಗದೆ ಉಳಿದದ್ದು ಅಡಿಗೆಮನೆಯ ಗೋಡೆಗೆ ಇಳಿದು ಸುಣ್ಣ ಉದುರಿಸುತ್ತಿತ್ತು. ದೊಡ್ಡ ನಿವೇಶನಗಳಲ್ಲಿ ಮಳೆನೀರಿನ ಕೊಯ್ಲು ಕಡ್ಡಾಯವೆಂದು 2009ರಲ್ಲಿಯೇ ಕಾಯಿದೆಯಾಯಿತು. ಕಾಯಿದೆಗೆ ಹೆದರಿ ಪೈಪು ಜೋಡಿಸಿದ ಮನೆಗಳನ್ನು ಕಂಡಿದ್ದೇನೆ; ಆ ಪೈಪಿನ ಬಾಯಲ್ಲಿ ಅಳಿಲು ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ.

ಹಿತ್ತಿಲನ್ನು ಸರಿಪಡಿಸಬೇಕೆನ್ನುವವರ ಮೊದಲನೆಯ ಕೆಲಸಕ್ಕೆ ಗುದ್ದಲಿ ಬೇಡ, ಕೊಡೆ ಸಾಕು. ಜೋರು ಮಳೆಯಲ್ಲಿ ಹಿತ್ತಿಲಿನಲ್ಲಿ ನಿಂತು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎತ್ತ ಓಡುತ್ತದೆ ಎಂದು ನೋಡಬೇಕು. ನಾನು ಹಾಗೆ ನಿಂತಿದ್ದುದನ್ನು ಪಕ್ಕದ ಮನೆಯವರು ಕಂಡು ನಮ್ಮ ಮನೆಯಾಕೆಯನ್ನು, “ಯಜಮಾನರು ಆರೋಗ್ಯವಾಗಿದ್ದಾರೆಯೇ?” ಎಂದು ವಿಚಾರಿಸಿದರಂತೆ. ಇರಲಿ.

ಎರಡನೆಯದು ಮಣ್ಣಿನ ಪರೀಕ್ಷೆ. ಒಂದಡಿ ಆಳದ ಕುಳಿ ತೋಡಿ, ಒಮ್ಮೆ ನೀರು ತುಂಬಿ ನೆನೆಸಿ, ಮತ್ತೆ ತುಂಬಿ ಕಾಯಬೇಕು. ಕೆಲವು ಗಂಟೆಗಳಲ್ಲಿ ಇಂಗಿದರೆ ಒಳ್ಳೆಯದು. ಮರುದಿನವೂ ನಿಂತಿದ್ದರೆ ಅದು ಜೇಡಿ ನೆಲ. ಅಲ್ಲಿ ಇಂಗುಗುಂಡಿ ತೋಡಿದರೆ ಸೊಳ್ಳೆಗಳಿಗೆ ತೊಟ್ಟಿಲು ಕಟ್ಟಿದಂತೆಯೇ ಸರಿ. ನಮ್ಮದು ಕೆಂಪುಮಣ್ಣು, ಸಂಜೆಯ ಹೊತ್ತಿಗೆ ಕುಳಿ ಬರಿದಾಗಿತ್ತು.

ಗುಂಡಿಯನ್ನು ಮನೆಯ ಅಡಿಪಾಯದಿಂದ ಹತ್ತಡಿ ದೂರಕ್ಕೆ ಗುರುತು ಮಾಡಿದೆವು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಆಳ. ಕಲ್ಲು ತುಂಬಿದ ಮೇಲೂ ಸಂದುಗಳಲ್ಲಿ ಸುಮಾರು 700 ಲೀಟರು ನೀರು ಹಿಡಿಯುವಷ್ಟು. 30 ಚದರ ಮೀಟರು ತಾರಸಿಗೆ ಒಂದು ಅಂಗುಲ ಮಳೆ ಬಿದ್ದರೆ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಇದಕ್ಕಿಂತ ಆಳಕ್ಕೆ ಹೋಗುವ ಆಸೆ ಮನೆಯವರಿಗೆ ಬೇಡ. ಬದಿಯ ಮಣ್ಣು ಕುಸಿದರೆ ಒಳಗಿದ್ದವನ ಗತಿಯೇನು? ಆಳವಾದ ಇಂಗುಬಾವಿ ಬೇಕೆಂದರೆ, ಬಾವಿ ತೋಡುವ ಕಸುಬಿನವರನ್ನೇ ಕರೆಯಬೇಕು.

ಮೂರು ಭಾನುವಾರ ನಾನೂ ಮಗನೂ ಉಳಿ, ಸುತ್ತಿಗೆ, ಹಾರೆ ಹಿಡಿದು ಸಿಮೆಂಟು ಒಡೆದೆವು. ಎರಡನೆಯ ಭಾನುವಾರ, ಬಚ್ಚಲಿನ ಪೈಪು ಎಲ್ಲಿ ಹಾದಿದೆಯೆಂದು ನೋಡಿಕೊಳ್ಳದೆ ಮಗರಾಯ ಬೀಸಿದ ಹಾರೆ ನೇರವಾಗಿ ಅದಕ್ಕೇ ನಾಟಿತು. ಅಂದು ಮನೆಮಂದಿಯೆಲ್ಲ ಭುಜದ ಮೇಲೆ ಟವೆಲು ಹಾಕಿಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋದೆವು. ನನ್ನ ಆರೋಗ್ಯದ ವಿಚಾರಣೆ ಮತ್ತೊಮ್ಮೆ ನಡೆಯಿತು. ತೋಡುವ ಮುನ್ನ ಚೇಂಬರಿನ ಮುಚ್ಚಳ ತೆಗೆದು ಪೈಪಿನ ದಿಕ್ಕು ನೋಡಿಕೊಳ್ಳಿರೆಂದು ಹೇಳುವ ಅಧಿಕಾರ ನನಗೆ ಬಂದದ್ದು ಹೀಗೆ.

ಒಡೆದ ಸಿಮೆಂಟಿನ ದೊಡ್ಡ ಹೆಂಟೆಗಳನ್ನೇ ಗುಂಡಿಯ ತಳಕ್ಕೆ ಹಾಕಿದೆವು. ಸಾಗಿಸುವ ಖರ್ಚು ಉಳಿಯಿತು. ಅದರ ಮೇಲೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೊಂದು ಬಲೆ ಹಾಸಿ ಅರ್ಧ ಅಡಿ ಮರಳು. ತಾರಸಿಯ ಪೈಪನ್ನು ಇದಕ್ಕೆ ತಿರುಗಿಸಿದೆವು. ಮೊದಲ ಮಳೆ ತಾರಸಿಯ ಧೂಳನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದು ತರುವುದರಿಂದ ಅದನ್ನು ಹೊರಗೆ ಬಿಡಲು ಒಂದು ಬಿರಡೆಯಿದೆ. ಗುಂಡಿ ತುಂಬಿದರೆ ಮಿಕ್ಕ ನೀರು ಚರಂಡಿಗೆ ಹೋಗಲು ಹಳೆಯ ದಾರಿಯೂ ಇದೆ. ಮರಳಿನ ಮೇಲ್ಪದರವನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಕೆರೆದು ತೊಳೆಯತಕ್ಕದ್ದು.

ಬಚ್ಚಲಿನ ನೀರನ್ನು ಮಾತ್ರ ಈ ಗುಂಡಿಗೆ ಬಿಡಕೂಡದು. ಸೋಪಿನ ಕೊಳೆ ಅಂತರ್ಜಲಕ್ಕೆ ಇಳಿದರೆ ನಾವು ನೀರು ಕೂಡಿಟ್ಟಂತಲ್ಲ, ಕೆಡಿಸಿದಂತೆ. ಸ್ನಾನದ ನೀರಿಗೆ ನಮ್ಮ ಹಿರಿಯರು ಹುಡುಕಿದ್ದ ದಾರಿಯೇ ದಾರಿ: ಬಾಳೆಯ ಬುಡ, ಪಕ್ಕದಲ್ಲಿ ಕೆಸುವು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಗಳಿಗೆ ಅದು ಸಲ್ಲದು.

ಉಳಿದ ನೆಲಕ್ಕೆ ಕಲ್ಲುಚಪ್ಪಡಿ. ಕೆಳಗೆ ಎರಡು ಅಂಗುಲ ಮರಳು, ಸಂದುಗಳಲ್ಲಿಯೂ ಮರಳೇ, ಗಾರೆಯಿಲ್ಲ. ಮನೆಯ ಕಡೆಯಿಂದ ಗುಂಡಿಯ ಕಡೆಗೆ ಆರಡಿಗೆ ಒಂದಂಗುಲದಂತೆ ಇಳಿಜಾರು. ನಯ ಮಾಡಿದ ಕಲ್ಲು ಅಗ್ಗಕ್ಕೆ ಸಿಕ್ಕುತ್ತದೆಂದು ಅಂಗಡಿಯವನೊಬ್ಬ ಬಹಳ ಒತ್ತಾಯ ಮಾಡಿದ. ಅಮ್ಮನ ಮಣಿಕಟ್ಟು ಕಣ್ಣಿಗೆ ಕಟ್ಟಿದಂತಿತ್ತು. ಉಳಿಯ ಗುರುತು ಉಳಿದ ಒರಟು ಕಲ್ಲನ್ನೇ ತಂದೆ. ಹಿಂಬಾಗಿಲಿನ ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದು ಕಂಬಿಯನ್ನೂ ನಿಲ್ಲಿಸಿದೆವು.

ಮೇ ತಿಂಗಳ ಮೊದಲ ದೊಡ್ಡ ಮಳೆ ಸಂಜೆಗೆ ಬಂತು. ಎಲ್ಲರೂ ಹಿಂಬಾಗಿಲಿಗೆ ಮುತ್ತಿಕೊಂಡೆವು. ಮರಳಿನ ಮೇಲೆ ನೀರು ನಿಂತಿತು, ಗುಳ್ಳೆಯೆದ್ದಿತು. “ನಿಮ್ಮ ಗುಂಡಿ ಕೆರೆಯಾಯಿತಲ್ಲ” ಎಂದಳು ನಮ್ಮಾಕೆ. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಮಳೆ ನಿಂತು, ಕಾಫಿ ಕುಡಿದು ಬಂದು ನೋಡುವಷ್ಟರಲ್ಲಿ ಒದ್ದೆ ಮರಳು ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ಯಾರನ್ನೂ ಕರೆಯದೆ ಅಮ್ಮ ಕಂಬಿ ಹಿಡಿದು ಇಳಿದಿದ್ದರು. ಒಂದೊಂದು ಚಪ್ಪಡಿಯನ್ನೂ ಊರುಗೋಲಿನಿಂದ ತಟ್ಟಿ ನೋಡುತ್ತ, ತುಳಸಿಗೆ ಒಂದು ಸುತ್ತು ಬಂದು, ಕೆಸುವಿನ ಮುಂದೆ ನಿಂತರು. ಅವರು ತೀರ್ಥಹಳ್ಳಿಯ ಕಡೆಯವರು. ಕೆಸುವಿನ ವಿಷಯದಲ್ಲಿ ಅವರ ತೀರ್ಪಿಗೆ ಮೇಲ್ಮನವಿಯಿಲ್ಲ.

“ಇದು ನಾಲಿಗೆ ತುರಿಸುವ ಜಾತಿ ಕಣೋ, ಪತ್ರೊಡೆಗೆ ಬರುವುದಿಲ್ಲ. ಕಪ್ಪು ದಂಟಿನದು ತರಿಸು.”

ಊರಿಗೆ ಕಾಗದ ಬರೆದಿದ್ದೇನೆ. ಗೆಡ್ಡೆ ಇನ್ನೂ ಬರಬೇಕು.